ಥೈರಾಯ್ಡಿಗೆ 'ಬೆಂಬಲ': ಬದಲಾದದ್ದು ಗ್ರಂಥಿಯೋ, ತಕ್ಕಡಿಯೋ?

ಕೊಟ್ಟೂರಿನ ತೇರಿಗೆ ಹೋಗಿಬಂದವರ ಕೈಯಲ್ಲಿ ಮಂಡಕ್ಕಿ, ಬೆಂಡು-ಬತ್ತಾಸಿನ ಜೊತೆಗೆ ಈಗ ಒಂದೆರಡು ಕರಪತ್ರಗಳೂ ಇರುತ್ತವೆ. ಮೊಣಕಾಲು ನೋವು, ಸಕ್ಕರೆ ಕಾಯಿಲೆ, ಕೂದಲು ಉದುರುವುದು, ಎಲ್ಲಕ್ಕೂ ಒಂದೊಂದು ಡಬ್ಬಿ. ಇತ್ತೀಚಿನ ವರ್ಷಗಳಲ್ಲಿ ಆ ಸಾಲಿಗೆ ಥೈರಾಯ್ಡೂ ಸೇರಿಕೊಂಡಿದೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ ಔಷಧಿ ಅಂಗಡಿಯ ಗಾಜಿನ ಕಪಾಟಿನಲ್ಲೋ, ಬಸ್‌ನಿಲ್ದಾಣದ ಹತ್ತಿರದ 'ವೆಲ್‌ನೆಸ್ ಸೆಂಟರ್' ಎಂಬ ಕೊಠಡಿಯಲ್ಲೋ ಇಂಥ ಪುಡಿ, ಕ್ಯಾಪ್ಸೂಲುಗಳನ್ನು ನೀವು ಕಾಣಬಹುದು. ನನ್ನ ಮುಂದೆ ಈಗ ಅಂಥ ಮೂರು ಕರಪತ್ರಗಳಿವೆ. ಕಂಪನಿಗಳ ಹೆಸರು ಹೇಳುವುದಿಲ್ಲ. ಹೆಸರು ಬೇರೆಯಾದರೂ ಒಳಗಿನ ಮಾತು ಒಂದೇ: ಈ ಉತ್ಪನ್ನ ಥೈರಾಯ್ಡ್ ಗ್ರಂಥಿಯ ಆರೋಗ್ಯಕರ ಕಾರ್ಯಕ್ಕೆ 'ಬೆಂಬಲ' ನೀಡುತ್ತದೆ; ಇದರಲ್ಲಿ ಅಯೋಡಿನ್, ಸೆಲೆನಿಯಂ, ಸತು, ಟೈರೋಸಿನ್, ಬಯೋಟಿನ್, ಅಶ್ವಗಂಧ ಇವೆ; ಮೂರು ತಿಂಗಳಲ್ಲಿ ನಿಮ್ಮ ರಕ್ತಪರೀಕ್ಷೆಯ ವರದಿಯೇ ಸಾಕ್ಷಿ ಹೇಳುತ್ತದೆ.

ನಾನು ಭೌತವಿಜ್ಞಾನದ ಮೇಷ್ಟ್ರು, ವೈದ್ಯನಲ್ಲ. ಈ ಕರಪತ್ರಗಳನ್ನು ವಿಮರ್ಶಿಸಲು ನನಗೇನು ಅಧಿಕಾರ ಎಂದು ನೀವು ಕೇಳಬಹುದು. ಆ ಕೊನೆಯ ವಾಕ್ಯವೇ ನನಗೆ ಅಧಿಕಾರ ಕೊಟ್ಟಿತು. 'ವರದಿಯೇ ಸಾಕ್ಷಿ' ಎಂದಾಗ ಅದು ಅಳತೆಯ ಪ್ರಶ್ನೆಯಾಗುತ್ತದೆ. ಅಳತೆ ನಮ್ಮ ಕಸುಬು. ಅಲ್ಲದೆ ಆ ಸಾಕ್ಷಿಯನ್ನು ನಂಬಿ ನಾನೇ ಒಮ್ಮೆ ಮೋಸಹೋಗಿದ್ದೇನೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು 'ಬೆಂಬಲ' ಎಂಬ ಪದವನ್ನೇ ನೋಡಿ. ಗುಣಪಡಿಸುತ್ತದೆ ಎಂದು ಬರೆದಿಲ್ಲ, ಚಿಕಿತ್ಸೆ ಎಂದೂ ಬರೆದಿಲ್ಲ. ಇದು ವಿನಯವಲ್ಲ, ಕಾನೂನಿನ ಭಯ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯಿದೆಯ ಅನುಸೂಚಿಯಲ್ಲಿ ಗಳಗಂಡದ ಹೆಸರಿದೆ; ಅದನ್ನು ವಾಸಿಮಾಡುತ್ತೇವೆಂದು ಜಾಹೀರಾತು ಕೊಡುವುದು ಅಪರಾಧ. ಪೂರಕ ಆಹಾರಗಳಿಗೆಂದೇ 2016ರಲ್ಲಿ ಬಂದ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಇವುಗಳ ಲೇಬಲ್ಲಿನ ಮೇಲೆ 'ಔಷಧವಾಗಿ ಬಳಸಲು ಅಲ್ಲ' ಎಂಬ ಅರ್ಥದ ಮಾತು ಇರಲೇಬೇಕು. ಇದೆ, ಇಂಗ್ಲಿಷಿನಲ್ಲಿ, ಭೂತಗನ್ನಡಿ ಬೇಡುವ ಅಕ್ಷರದಲ್ಲಿ. ದಪ್ಪಕ್ಷರದಲ್ಲಿ ಚಿಟ್ಟೆಯಾಕಾರದ ಗ್ರಂಥಿಯ ಬಣ್ಣದ ಚಿತ್ರ, ಸಣ್ಣಕ್ಷರದಲ್ಲಿ ಇದು ಔಷಧವಲ್ಲವೆಂಬ ಒಪ್ಪಿಗೆ! ಓದುವವನು ಚಿತ್ರವನ್ನು ಓದುತ್ತಾನೆ, ಕಾನೂನು ಅಕ್ಷರವನ್ನು ಓದುತ್ತದೆ. 'ಬೆಂಬಲ' ಎಂಬುದು ಈ ಎರಡರ ನಡುವಿನ ಸಂದಿಯಲ್ಲಿ ನಿಂತಿರುವ ಪದ. ಯಾವ ಪರಿಮಾಣ, ಎಷ್ಟು ಏರಬೇಕು, ಎಷ್ಟು ಇಳಿಯಬೇಕು ಎಂದು ಹೇಳದ ಮಾತನ್ನು ಸುಳ್ಳೆಂದು ಸಾಬೀತು ಮಾಡುವುದೂ ಅಸಾಧ್ಯ.

ಈಗ ಡಬ್ಬಿಯ ಒಳಗಿನದಕ್ಕೆ ಬರೋಣ. ಥೈರಾಯ್ಡಿಗೆ ನಿಜವಾಗಿ ಏನು ಬೇಕು? ಕುತ್ತಿಗೆಯ ಮುಂಭಾಗದಲ್ಲಿರುವ, ಹದಿನೈದು ಇಪ್ಪತ್ತು ಗ್ರಾಂ ತೂಕದ ಈ ಗ್ರಂಥಿ ತಯಾರಿಸುವ ಹಾರ್ಮೋನುಗಳು ಮುಖ್ಯವಾಗಿ ಎರಡು: ಟಿ4 ಮತ್ತು ಟಿ3. ಹೆಸರಿನಲ್ಲಿರುವ ಅಂಕಿ ಅಣುವಿನಲ್ಲಿರುವ ಅಯೋಡಿನ್ ಪರಮಾಣುಗಳ ಸಂಖ್ಯೆ. ಟಿ4ರ ತೂಕದಲ್ಲಿ ಸುಮಾರು ಶೇಕಡ 65 ಭಾಗ ಅಯೋಡಿನ್ನೇ. ಹಾಗಾಗಿ ಅಯೋಡಿನ್ ಇಲ್ಲದೆ ಹಾರ್ಮೋನು ಇಲ್ಲ. ಕರಪತ್ರದ ಈ ಮಾತು ಸರಿ. ಆದರೆ ಎಷ್ಟು ಬೇಕು? ವಯಸ್ಕರಿಗೆ ದಿನಕ್ಕೆ ಸುಮಾರು 150 ಮೈಕ್ರೋಗ್ರಾಂ, ಗರ್ಭಿಣಿಯರಿಗೆ 250. ನೀವೇ ಲೆಕ್ಕ ಹಾಕಿ: 150ನ್ನು 365ರಿಂದ, ಅದನ್ನು 70 ವರ್ಷದಿಂದ ಗುಣಿಸಿದರೆ ಮೂರು ಗ್ರಾಂ ಎಂಟುನೂರು ಮಿಲಿಗ್ರಾಂ ಚಿಲ್ಲರೆ. ಇಡೀ ಜೀವಮಾನಕ್ಕೆ ಬೇಕಾದ ಅಯೋಡಿನ್ ಒಂದು ಚಮಚವನ್ನೂ ತುಂಬುವುದಿಲ್ಲ. ತೊಂದರೆ ಏನೆಂದರೆ ಆ ಚಮಚವನ್ನು ಒಂದೇ ದಿನ ಕುಡಿಯುವಂತಿಲ್ಲ, ದಿನದಿನವೂ ಚಿಟಿಕೆಯ ಚಿಟಿಕೆಯಾಗಿ ಒದಗಬೇಕು.

ಅದನ್ನು ಒದಗಿಸುವ ಉಪಾಯ ನಿಮ್ಮ ಅಡುಗೆಮನೆಯಲ್ಲಿದೆ. ಅಯೋಡಿನ್ ಸೇರಿಸಿದ ಉಪ್ಪಿನಲ್ಲಿ, ಬಳಕೆದಾರನ ಕೈಗೆ ಬರುವಾಗ, ಕನಿಷ್ಠ 15 ಪಿಪಿಎಂ ಇರಬೇಕೆಂದು ನಿಯಮ. ಎಂದರೆ ಒಂದು ಗ್ರಾಂ ಉಪ್ಪಿಗೆ 15 ಮೈಕ್ರೋಗ್ರಾಂ. ನಮ್ಮ ಕಡೆಯ ಊಟದಲ್ಲಿ ದಿನಕ್ಕೆ ಹತ್ತು ಗ್ರಾಂ ಉಪ್ಪು ಹೊಟ್ಟೆಗೆ ಹೋಗುವುದೇನೂ ವಿಶೇಷವಲ್ಲ (ಅಷ್ಟು ತಿನ್ನಬಾರದು, ಅದು ರಕ್ತದೊತ್ತಡದ ಬೇರೆ ಕಥೆ). ಹತ್ತು ಹದಿನೈದಲಿ ನೂರೈವತ್ತು. ಉಪ್ಪು ಕಡಿಮೆ ತಿನ್ನುವವರಿಗೂ 30 ಪಿಪಿಎಂ ಇರುವ ಪ್ಯಾಕೆಟ್ಟಿನ ಐದು ಗ್ರಾಂ ಸಾಕು. ಒಂದು ಕಿಲೋ ಉಪ್ಪು ಒಬ್ಬರಿಗೆ ಮೂರು ತಿಂಗಳಿಗೂ ಮಿಕ್ಕಿ ಬರುತ್ತದೆ. ಕರಪತ್ರದ ಡಬ್ಬಿ ಒಂದು ತಿಂಗಳಿಗೆ ಮುಗಿಯುತ್ತದೆ, ಬೆಲೆ ಸಾವಿರ ರೂಪಾಯಿಯ ಆಸುಪಾಸು. ಅದರಲ್ಲಿರುವ ಅಯೋಡಿನ್? ಲೇಬಲ್ಲಿನ ಪ್ರಕಾರ ದಿನಕ್ಕೆ 150 ಮೈಕ್ರೋಗ್ರಾಂ. ಉಪ್ಪಿನ ಡಬ್ಬಿಯಲ್ಲಿ ಇರುವುದೇ!

ಉಪ್ಪು ಕೆಲಸ ಮಾಡುತ್ತದೆಂದು ನಮಗೆ ಹೇಗೆ ಗೊತ್ತಾಯಿತು ಎಂಬುದನ್ನು ಇಲ್ಲಿ ನೆನೆಯಬೇಕು. 1956ರಲ್ಲಿ ವುಲಿಮಿರಿ ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಹಿಮಾಚಲದ ಕಾಂಗ್ಡಾ ಕಣಿವೆಯನ್ನು ಮೂರು ವಲಯಗಳಾಗಿ ವಿಂಗಡಿಸಿದರು. ಎರಡು ವಲಯಗಳಿಗೆ ಅಯೋಡಿನ್ ಬೆರೆಸಿದ ಉಪ್ಪು ಹೋಯಿತು, ಒಂದಕ್ಕೆ ಬರಿಯ ಉಪ್ಪು. ಐದಾರು ವರ್ಷಗಳ ಅನಂತರ ಮೊದಲಿನ ಎರಡರಲ್ಲಿ ಮಕ್ಕಳ ಗಳಗಂಡ ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಇಳಿದಿತ್ತು; ಮೂರನೆಯದರಲ್ಲಿ ಇದ್ದಂತೆಯೇ ಇತ್ತು. ಬಳಿಕ ಮೂರನೆಯ ವಲಯಕ್ಕೂ ಅಯೋಡಿನ್ ಉಪ್ಪು ಕೊಟ್ಟರು, ಅಲ್ಲಿಯೂ ಇಳಿಯಿತು. ಆ ಬರಿಯ ಉಪ್ಪಿನ ವಲಯ ಇಲ್ಲದಿದ್ದರೆ ಈ ಪ್ರಯೋಗಕ್ಕೆ ಬೆಲೆಯೇ ಇರುತ್ತಿರಲಿಲ್ಲ. ಇದರ ಆಧಾರದ ಮೇಲೆ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಅಯೋಡಿನ್ ಇಲ್ಲದ ಅಡುಗೆ ಉಪ್ಪಿನ ಮೇಲಿನ ನಿಷೇಧವನ್ನು 2000ದಲ್ಲಿ ಹಿಂತೆಗೆದುಕೊಂಡು 2006ರಲ್ಲಿ ಮತ್ತೆ ಜಾರಿಗೆ ತರಲಾಯಿತು. ಮೂರು ಕರಪತ್ರಗಳನ್ನು ಎರಡೆರಡು ಸಲ ಓದಿದೆ; 'ಬರಿಯ ಉಪ್ಪಿನ ವಲಯ' ಎಂಬಂಥದ್ದು ಒಂದರಲ್ಲೂ ಇಲ್ಲ. ಇರುವುದು ನಗುತ್ತಿರುವ ಮಹಿಳೆಯರ ಚಿತ್ರ ಮತ್ತು ಅವರ ಮಾತು.

ಹಾಗೆಂದು ನಮ್ಮ ತಾಲ್ಲೂಕುಗಳಲ್ಲಿ ಅಯೋಡಿನ್ನಿನ ಮಾತು ಮುಗಿದಿದೆ ಎನ್ನಲಾರೆ. 2018-19ರ ಅಯೋಡಿನ್ ಸಮೀಕ್ಷೆಯ ಪ್ರಕಾರ ದೇಶದ ಶೇಕಡ 76.3 ಮನೆಗಳ ಉಪ್ಪಿನಲ್ಲಿ ಮಾತ್ರ ಸಾಕಷ್ಟು ಅಯೋಡಿನ್ ಇತ್ತು. ನಮ್ಮ ಸಂತೆಗಳಲ್ಲಿ ಗೋಣಿಚೀಲದಿಂದ ಅಳೆದುಕೊಡುವ ಹರಳುಪ್ಪನ್ನು ಇನ್ನೂ ಕೊಳ್ಳುವವರಿದ್ದಾರೆ. ದನಕ್ಕೂ ಅದೇ, ಉಪ್ಪಿನಕಾಯಿಗೂ ಅದೇ, ಸಾರಿಗೂ ಅದೇ. ಇನ್ನೊಂದು ಕಡೆ ಓದಿದವರ ಮನೆಗಳಿಗೆ 'ನೈಸರ್ಗಿಕ' ಎಂಬ ಹೆಸರಿನಲ್ಲಿ ಗುಲಾಬಿ ಬಣ್ಣದ ಸೈಂಧವ ಲವಣ ಬಂದಿದೆ. ಸಹಜವಾಗಿ ಅದರಲ್ಲಿರುವ ಅಯೋಡಿನ್ ಲೆಕ್ಕಕ್ಕೆ ಬರುವಷ್ಟಲ್ಲ. ಅಗ್ಗದ ಅಯೋಡಿನ್ ಉಪ್ಪನ್ನು ಬಿಟ್ಟು ದುಬಾರಿ ಸೈಂಧವ ಕೊಂಡು, ಅದರಿಂದಾದ ಕೊರತೆ ತುಂಬಲು ಇನ್ನೂ ದುಬಾರಿ ಕ್ಯಾಪ್ಸೂಲು ಕೊಳ್ಳುವ ಮನೆಯೊಂದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪ್ಯಾಕೆಟ್ ಉಪ್ಪಾದರೂ ಒಲೆಯ ಪಕ್ಕ ಮುಚ್ಚಳವಿಲ್ಲದ ಬಟ್ಟಲಲ್ಲಿಟ್ಟರೆ ಶಾಖ ಮತ್ತು ತೇವಕ್ಕೆ ಅಯೋಡಿನ್ ಕಳೆಯುತ್ತದೆ. ನಮ್ಮ ದೇಶದಲ್ಲಿ ಅಯೋಡೈಡಿನ ಬದಲು ಹೆಚ್ಚು ಸ್ಥಿರವಾದ ಪೊಟ್ಯಾಸಿಯಂ ಅಯೋಡೇಟನ್ನು ಬೆರೆಸುವುದು ಈ ಕಾರಣಕ್ಕೇ. ಆಶಾ ಕಾರ್ಯಕರ್ತೆಯರು ಬಳಸುವ ಸಣ್ಣ ಕಿಟ್ಟಿನ ಒಂದು ಹನಿ ಬಿದ್ದರೆ ಅಯೋಡಿನ್ ಇರುವ ಉಪ್ಪು ನೀಲಿಯಾಗುತ್ತದೆ. ಪ್ರೌಢಶಾಲೆಯಲ್ಲಿ ಪಿಷ್ಟಕ್ಕೆ ಮಾಡಿದ ಅದೇ ಪರೀಕ್ಷೆ, ತಿರುವುಮುರುವಾಗಿ.

'ಸ್ವಲ್ಪ ಹೆಚ್ಚಾದರೆ ನಷ್ಟವೇನು?' ಎಂಬುದು ಮುಂದಿನ ಪ್ರಶ್ನೆ. ನಷ್ಟವಿದೆ. 1948ರಲ್ಲಿ ವುಲ್ಫ್ ಮತ್ತು ಚೈಕಾಫ್ ಎಂಬ ವಿಜ್ಞಾನಿಗಳು ಇಲಿಗಳಿಗೆ ವಿಪರೀತ ಅಯೋಡಿನ್ ಕೊಟ್ಟಾಗ ಥೈರಾಯ್ಡ್ ಹೆಚ್ಚು ಹಾರ್ಮೋನು ಮಾಡುವ ಬದಲು ತಯಾರಿಕೆಯನ್ನೇ ನಿಲ್ಲಿಸಿದ್ದನ್ನು ಕಂಡರು. ಆರೋಗ್ಯವಂತ ಗ್ರಂಥಿ ಕೆಲ ದಿನಗಳಲ್ಲಿ ಇದರಿಂದ ಹೊರಬರುತ್ತದೆ, ರೋಗಗ್ರಸ್ತ ಗ್ರಂಥಿ ಎಷ್ಟೋ ಬಾರಿ ಹೊರಬರುವುದಿಲ್ಲ. ಜಪಾನಿನ ಹೊಕ್ಕೈಡೊ ಕರಾವಳಿಯಲ್ಲಿ ಸಮುದ್ರಕಳೆಯನ್ನು ಯಥೇಚ್ಛವಾಗಿ ತಿನ್ನುವವರಲ್ಲಿ ಗಳಗಂಡ ಕಂಡುಬಂದದ್ದು ಅಯೋಡಿನ್ ಹೆಚ್ಚಾಗಿ, ಕಡಿಮೆಯಾಗಿ ಅಲ್ಲ. ಇಲ್ಲಿ ಒಂದು ಮುಖ್ಯ ವಿಷಯ: ಅಯೋಡಿನ್ ಉಪ್ಪು ಬಳಸುವ ಕಡೆ ಥೈರಾಯ್ಡ್ ಕೊರತೆಗೆ ಬಹುಪಾಲು ಕಾರಣ ಅಯೋಡಿನ್ ಅಭಾವವಲ್ಲ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಗ್ರಂಥಿಯ ಮೇಲೆ ದಾಳಿ ಮಾಡುವ, 1912ರಲ್ಲಿ ಹಕಾರು ಹಶಿಮೊಟೊ ವರ್ಣಿಸಿದ ಕಾಯಿಲೆ ಅದು. ಒಲೆಯೇ ಕುಸಿಯುತ್ತಿರುವಾಗ ಸೌದೆ ತಂದು ಒಟ್ಟುವುದರಿಂದ ಅಡುಗೆಯಾಗದು. ಹೆಚ್ಚಿನ ಅಯೋಡಿನ್ ಈ ಕಾಯಿಲೆಯನ್ನು ಉಲ್ಬಣಗೊಳಿಸಲೂಬಹುದು. ಸಮುದ್ರಕಳೆಯ ಪುಡಿ ತುಂಬಿದ ಕ್ಯಾಪ್ಸೂಲುಗಳಲ್ಲಿ ಅಯೋಡಿನ್ ಪ್ರಮಾಣ ಕಳೆಯ ಜಾತಿಯನ್ನೂ ಬೆಳೆದ ಜಾಗವನ್ನೂ ಅನುಸರಿಸಿ ಹಲವು ಪಟ್ಟು ಬದಲಾಗುವುದರಿಂದ ಅವು ಇನ್ನೂ ಅಪಾಯ.

ಉಳಿದ ಪದಾರ್ಥಗಳನ್ನು ಬೇಗ ಮುಗಿಸಬಹುದು. ಟೈರೋಸಿನ್ ಪ್ರೋಟೀನುಗಳಲ್ಲೆಲ್ಲ ಇರುವ ಅಮೈನೊ ಆಮ್ಲ. ನೂರು ಗ್ರಾಂ ತೊಗರಿಬೇಳೆಯಲ್ಲಿ ಸುಮಾರು ಅರ್ಧ ಗ್ರಾಂ ಇದೆ, ಸಾಲದ್ದಕ್ಕೆ ದೇಹವೇ ಅದನ್ನು ತಯಾರಿಸಿಕೊಳ್ಳುತ್ತದೆ. ಸೆಲೆನಿಯಂ ನಿಜಕ್ಕೂ ಬೇಕು, ಟಿ4ನ್ನು ಟಿ3 ಆಗಿಸುವ ಕಿಣ್ವಗಳಲ್ಲಿ ಅದಿದೆ. ಆದರೆ ಬೇಕಾದದ್ದು ದಿನಕ್ಕೆ 40-55 ಮೈಕ್ರೋಗ್ರಾಂ. 400 ದಾಟಿದರೆ ವಿಷ. ಪಂಜಾಬಿನ ನವಾಂಶಹರ್, ಹೋಶಿಯಾರ್‌ಪುರ ಕಡೆಯ ಕೆಲವು ಹಳ್ಳಿಗಳಲ್ಲಿ ಮಣ್ಣಿನ ಸೆಲೆನಿಯಂ ಬೆಳೆಗೆ ಸೇರಿ ಜನರ ಕೂದಲು, ಉಗುರು ಉದುರಿದ ದಾಖಲೆಗಳಿವೆ. ಅಶ್ವಗಂಧದ ಪರವಾಗಿ ಎಲ್ಲರೂ ತೋರಿಸುವುದು 2018ರಲ್ಲಿ ಪ್ರಕಟವಾದ, ಐವತ್ತು ಮಂದಿಯ ಮೇಲೆ ಎಂಟು ವಾರ ನಡೆದ ಒಂದು ಪ್ರಯೋಗವನ್ನು. ಅದರಲ್ಲಿ ಟಿಎಸ್ಎಚ್ ಇಳಿಯಿತು, ನಿಜ. ಆದರೆ ಐವತ್ತು ಮಂದಿ, ಎಂಟು ವಾರ. ಅತ್ತ ಅಶ್ವಗಂಧ ಸೇವಿಸಿದ ಕೆಲವರಲ್ಲಿ ಥೈರಾಯ್ಡ್ ಹಾರ್ಮೋನು ಮಿತಿಮೀರಿದ ಮತ್ತು ಯಕೃತ್ತಿಗೆ ಹಾನಿಯಾದ ವರದಿಗಳಿವೆ. ಡೆನ್ಮಾರ್ಕ್ 2023ರಲ್ಲಿ ಅದನ್ನು ನಿಷೇಧಿಸಿತು. ನಮ್ಮದೇ ಬೇರು ಎಂಬ ಅಭಿಮಾನ ನನಗೂ ಇದೆ. ಅಭಿಮಾನಕ್ಕೂ ಮಾತ್ರೆಯ ಪ್ರಮಾಣಕ್ಕೂ ಸಂಬಂಧವಿಲ್ಲ.

ಲೇಬಲ್ಲಿನಲ್ಲಿ ಇಲ್ಲದ್ದೂ ಡಬ್ಬಿಯಲ್ಲಿರಬಹುದು. ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಹತ್ತು ಥೈರಾಯ್ಡ್ ಪೂರಕಗಳನ್ನು ಪರೀಕ್ಷಿಸಿದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿತ್ತು: ಒಂಬತ್ತರಲ್ಲಿ ಟಿ3 ಇತ್ತು, ಐದರಲ್ಲಿ ಟಿ4 ಇತ್ತು. ಎಂದರೆ ವೈದ್ಯರ ಚೀಟಿ ಬೇಕಾದ ಹಾರ್ಮೋನೇ 'ಪೌಷ್ಟಿಕ ಬೆಂಬಲ'ದ ವೇಷದಲ್ಲಿತ್ತು. ಅದು ಅಮೆರಿಕದ ಮಾತು; ನನ್ನ ಮುಂದಿರುವ ಡಬ್ಬಿಗಳಲ್ಲಿ ಹಾಗಿದೆ ಎಂದು ನಾನು ಹೇಳುತ್ತಿಲ್ಲ. ಆದರೆ 'ತಿಂದ ವಾರಕ್ಕೇ ಲವಲವಿಕೆ ಬಂತು' ಎಂದು ಯಾರಾದರೂ ಹೇಳಿದಾಗ ಸಂತೋಷಕ್ಕಿಂತ ಮೊದಲು ಸಂಶಯ ಹುಟ್ಟಬೇಕು.

ಇನ್ನು ಬಯೋಟಿನ್. ಇಲ್ಲಿ ತುಸು ನಿಧಾನಿಸುತ್ತೇನೆ.

ಹಗರಿಬೊಮ್ಮನಹಳ್ಳಿಯಲ್ಲಿ ನನ್ನ ತಂಗಿಯ ಮಗಳಿದ್ದಾಳೆ. ನಾಲ್ಕು ವರ್ಷಗಳಿಂದ ಥೈರಾಯ್ಡ್ ಕೊರತೆಗೆ ದಿನವೂ ಬೆಳಿಗ್ಗೆ ಲೆವೊಥೈರಾಕ್ಸಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಳು. ಪರಿಚಯದವರೊಬ್ಬರ ಒತ್ತಾಯಕ್ಕೆ ಇಂಥ ಪುಡಿಯನ್ನೂ, ಜೊತೆಗೆ ಕೂದಲಿಗೆಂದು ಒಂದು ಗುಳಿಗೆಯನ್ನೂ ಶುರುಮಾಡಿದಳು. ಮೂರು ತಿಂಗಳಾದ ಮೇಲೆ ರಕ್ತಪರೀಕ್ಷೆ ಮಾಡಿಸಿ ವರದಿಯನ್ನು ನನ್ನ ಕೈಗೆ ಕೊಟ್ಟು, "ನೋಡ್ರಿ ಮಾವ, ಆರರ ಹತ್ರ ಇದ್ದದ್ದು ಒಂದಕ್ಕಿಂತ ಕೆಳಗ ಬಂದೈತಿ. ಇನ್ನ ಮಾತ್ರೆ ಬಿಡಬಹುದು ಅಂತಾರ" ಎಂದಳು. ನಾನು ಕನ್ನಡಕ ಏರಿಸಿ ಟಿಎಸ್ಎಚ್ ಒಂದನ್ನೇ ನೋಡಿ, "ಚಲೋ ಆತಲ್ಲವ್ವ" ಎಂದೆ. ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳಿಗೆ ಮೂವತ್ತು ವರ್ಷ 'ಉಪಕರಣದ ದೋಷ ನೋಡಿದಿರಾ?' ಎಂದು ಕೇಳಿದವನು ಆ ದಿನ ಕೇಳಲಿಲ್ಲ. ಅವಳು ಮಾತ್ರೆ ಬಿಟ್ಟಳು.

ಮೊದಲ ಎರಡು ಮೂರು ವಾರ ಏನೂ ಆಗಲಿಲ್ಲ. ಪುಡಿಯ ಮೇಲಿನ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು. ಇದಕ್ಕೆ ಕಾರಣ ನಾನು ತರಗತಿಯಲ್ಲಿ ಬೋಧಿಸುವ ಪಾಠವೇ. ರಕ್ತದಲ್ಲಿರುವ ಟಿ4ರ ಅರ್ಧಾಯು ಸುಮಾರು ಏಳು ದಿನ. ಥೈರಾಯ್ಡ್ ಚಿಕಿತ್ಸೆಯಲ್ಲಿ ಬಳಸುವ ವಿಕಿರಣಶೀಲ ಅಯೋಡಿನ್-131ರ ಎಂಟು ದಿನದ ಅರ್ಧಾಯುವಿಗೆ ಹತ್ತಿರ. ಮಾತ್ರೆ ನಿಲ್ಲಿಸಿದ ವಾರಕ್ಕೆ ಅದರಿಂದ ಬಂದ ಹಾರ್ಮೋನಿನ ಅರ್ಧ ಇನ್ನೂ ಇರುತ್ತದೆ, ಎರಡು ವಾರಕ್ಕೆ ಕಾಲು ಭಾಗ, ಆರು ವಾರಕ್ಕೆ ಅರವತ್ತನಾಲ್ಕರಲ್ಲಿ ಒಂದು ಭಾಗ. ಮಾತ್ರೆ ಬಿಟ್ಟವರಿಗೆ ತಕ್ಷಣ ಏನೂ ಅನ್ನಿಸದಿರುವುದು ಗುಣವಾದದ್ದರ ಲಕ್ಷಣವಲ್ಲ, ಟ್ಯಾಂಕಿನಲ್ಲಿ ಉಳಿದ ನೀರು ಅದು. ಎರಡು ತಿಂಗಳ ಹೊತ್ತಿಗೆ ಟ್ಯಾಂಕು ಬರಿದಾಯಿತು. ಮುಖ ಊದಿತು, ಮೇ ತಿಂಗಳ ಸೆಖೆಯಲ್ಲೂ ಚಳಿ ಎನ್ನತೊಡಗಿದಳು, ಮೆಟ್ಟಿಲು ಹತ್ತಲು ಆಗದಂಥ ಸುಸ್ತು. ನಾವು ಕರೆದುಕೊಂಡು ಹೋದ ವೈದ್ಯರು ಮೊದಲು ಕೇಳಿದ ಪ್ರಶ್ನೆ: "ಕೂದಲಿಗೆ, ಉಗುರಿಗೆ ಅಂತ ಏನಾದರೂ ತಗೋತೀಯೇನಮ್ಮ?" ಎಲ್ಲವನ್ನೂ ನಾಲ್ಕು ದಿನ ನಿಲ್ಲಿಸಿ ಮತ್ತೆ ರಕ್ತ ಕೊಡಲು ಹೇಳಿದರು. ಈ ಬಾರಿ ಟಿಎಸ್ಎಚ್ ನಲವತ್ತನ್ನು ದಾಟಿತ್ತು.

ಆ ಮೊದಲ ವರದಿಯಲ್ಲಿ ಆದದ್ದೇನು? ಅನೇಕ ಪ್ರಯೋಗಾಲಯಗಳ ಯಂತ್ರಗಳು ಟಿಎಸ್ಎಚ್ ಅಳೆಯಲು ಎರಡು ಪ್ರತಿಕಾಯಗಳನ್ನು ಬಳಸುತ್ತವೆ. ರಕ್ತದಲ್ಲಿರುವ ಟಿಎಸ್ಎಚ್ ಅಣುವನ್ನು ಎರಡೂ ಕಡೆಯಿಂದ ಅವು ಹಿಡಿಯುತ್ತವೆ. ಒಂದು ಪ್ರತಿಕಾಯಕ್ಕೆ ಬೆಳಕು ಕೊಡುವ ಗುರುತು ಅಂಟಿಸಿರುತ್ತಾರೆ, ಇನ್ನೊಂದಕ್ಕೆ ಬಯೋಟಿನ್. ಯಂತ್ರದೊಳಗಿನ ಸಣ್ಣ ಮಣಿಗಳ ಮೇಲೆ ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನು ಲೇಪಿಸಿರುತ್ತದೆ. ಬಯೋಟಿನ್ನಿಗೂ ಸ್ಟ್ರೆಪ್ಟಾವಿಡಿನ್ನಿಗೂ ನಿಸರ್ಗದಲ್ಲೇ ಅತಿ ಗಟ್ಟಿಯಾದ ನಂಟುಗಳಲ್ಲೊಂದು, ಬೀಗ-ಕೀಲಿಯಂತೆ ಕಚ್ಚಿಕೊಳ್ಳುತ್ತವೆ. ಹೀಗೆ ಟಿಎಸ್ಎಚ್ ಹಿಡಿದ ಜೋಡಿಗಳೆಲ್ಲ ಮಣಿಗೆ ಅಂಟುತ್ತವೆ, ಉಳಿದದ್ದನ್ನು ತೊಳೆದುಹಾಕಿ ಬೆಳಕನ್ನು ಅಳೆಯುತ್ತಾರೆ. ಬೆಳಕು ಹೆಚ್ಚಿದ್ದರೆ ಟಿಎಸ್ಎಚ್ ಹೆಚ್ಚು.

ಈಗ ರಕ್ತದಲ್ಲೇ ಬಯೋಟಿನ್ ತುಂಬಿದ್ದರೆ? ದಿನಕ್ಕೆ ನಮಗೆ ಬೇಕಾದದ್ದು 30-40 ಮೈಕ್ರೋಗ್ರಾಂ. ಕೂದಲಿನ ಗುಳಿಗೆಗಳಲ್ಲಿ 5 ಅಥವಾ 10 ಮಿಲಿಗ್ರಾಂ ಇರುವುದು ಸಾಮಾನ್ಯ, ಎಂದರೆ ನೂರಾರು ಪಟ್ಟು. ಕೊಟ್ಟೂರಿನ ತೇರಿಗೆ ಹೊರಟ ಬಸ್ಸಿನಲ್ಲಿ ಟವೆಲು ಹಾಕಿ ಸೀಟು ಹಿಡಿದವರಂತೆ ಈ ಬಿಡಿ ಬಯೋಟಿನ್ ಮಣಿಗಳ ಮೇಲಿನ ಜಾಗವನ್ನೆಲ್ಲ ಮೊದಲೇ ಆಕ್ರಮಿಸುತ್ತದೆ. ಟಿಎಸ್ಎಚ್ ಹಿಡಿದುಕೊಂಡು ಬಂದ ಜೋಡಿಗಳಿಗೆ ಜಾಗವಿಲ್ಲ, ತೊಳೆಯುವಾಗ ಹೋಗಿಬಿಡುತ್ತವೆ. ಬೆಳಕು ಕಡಿಮೆ, ವರದಿಯಲ್ಲಿ ಟಿಎಸ್ಎಚ್ ಕಡಿಮೆ. ಟಿ4ರ ಪರೀಕ್ಷೆಯ ಕ್ರಮ ಬೇರೆ. ಅಲ್ಲಿ ರೋಗಿಯ ಟಿ4 ಗುರುತು ಹಾಕಿದ ಟಿ4ರ ಜೊತೆ ಸ್ಪರ್ಧಿಸುವುದರಿಂದ ಬೆಳಕು ಕಡಿಮೆಯಾದಷ್ಟೂ ಟಿ4 ಹೆಚ್ಚು ಎಂದು ಓದುತ್ತಾರೆ. ಹಾಗಾಗಿ ಅದೇ ಬಯೋಟಿನ್ ಟಿಎಸ್ಎಚ್ಅನ್ನು ಸುಳ್ಳಾಗಿ ಇಳಿಸಿ ಟಿ4ನ್ನು ಸುಳ್ಳಾಗಿ ಏರಿಸುತ್ತದೆ. ಥೈರಾಯ್ಡ್ ಕೊರತೆ ಇರುವವರ ವರದಿ ಸರಿಯಾದಂತೆ ಕಾಣುತ್ತದೆ. ಆರೋಗ್ಯವಂತರ ವರದಿ ಥೈರಾಯ್ಡ್ ಅತಿಯಾದಂತೆ ಕಾಣುತ್ತದೆ. ಈ ಬಯೋಟಿನ್-ಸ್ಟ್ರೆಪ್ಟಾವಿಡಿನ್ ಜೋಡಿಯನ್ನು ಬಳಸದ ಕಿಟ್ಟುಗಳಲ್ಲಿ ಈ ತೊಂದರೆಯಿಲ್ಲ. ಕೆಲವು ತಯಾರಕರು ಹಳೆಯ ಕಿಟ್ಟನ್ನು ತಿದ್ದಿದ್ದಾರೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2017ರಲ್ಲಿ ಈ ಬಗ್ಗೆ ಎಚ್ಚರಿಕೆ ಹೊರಡಿಸಿ 2019ರಲ್ಲಿ ಮತ್ತೆ ನೆನಪಿಸಿತು.

ಈಗ ಕರಪತ್ರದ ಆ ವಾಕ್ಯವನ್ನು ಮತ್ತೊಮ್ಮೆ ಓದಿ: 'ವರದಿಯೇ ಸಾಕ್ಷಿ'. ಸಂತೆಯಲ್ಲಿ ತೂಕ ಹೆಚ್ಚು ತೋರಿಸಲು ಎರಡು ದಾರಿ. ಒಂದು, ಹೆಚ್ಚು ಕಾಳು ಹಾಕುವುದು. ಎರಡು, ತಕ್ಕಡಿಯ ಕೆಳಗೆ ಹುಣಸೆಹಣ್ಣು ಅಂಟಿಸುವುದು. ನನ್ನ ಬಳಿಯ ಮೂರು ಕರಪತ್ರಗಳ ಪೈಕಿ ಎರಡರಲ್ಲಿ ಬಯೋಟಿನ್ ಇದೆ. ಅವುಗಳ ತಯಾರಕರು ಬೇಕೆಂದೇ ಹುಣಸೆಹಣ್ಣು ಅಂಟಿಸಿದ್ದಾರೆ ಎಂದು ನಾನು ಆರೋಪಿಸುವುದಿಲ್ಲ. ಪುಡಿಯಲ್ಲಿರುವ ಪ್ರಮಾಣ ಕೂದಲಿನ ಗುಳಿಗೆಯಷ್ಟಿಲ್ಲ ಕೂಡ. ಆದರೆ 'ಪರೀಕ್ಷೆಗೆ ಮುಂಚೆ ಎರಡು ದಿನ ನಿಲ್ಲಿಸಿ' ಎಂಬ ಒಂದು ಸಾಲನ್ನು ಎರಡರಲ್ಲೂ ಹುಡುಕಿದೆ, ಸಿಗಲಿಲ್ಲ. ವರದಿಯನ್ನು ಸಾಕ್ಷಿಗೆ ಕರೆಯುವವರು ಸಾಕ್ಷಿಯನ್ನು ಕೆಡಿಸುವ ವಸ್ತುವಿನ ಬಗ್ಗೆ ಸುಮ್ಮನಿರುವುದು ನನ್ನ ಮುಖ್ಯ ಆಕ್ಷೇಪ.

ಬಯೋಟಿನ್ ಇಲ್ಲದಿದ್ದರೂ 'ಮೊದಲು-ಆಮೇಲೆ' ಎಂಬ ಎರಡು ಅಂಕಿಗಳನ್ನು ಎಚ್ಚರದಿಂದ ಓದಬೇಕು. ಪಿಟ್ಯುಟರಿ ಗ್ರಂಥಿಯಿಂದ ಬರುವ ಟಿಎಸ್ಎಚ್ ಥೈರಾಯ್ಡಿಗೆ ಬೀಳುವ ಚಾಟಿಯಿದ್ದಂತೆ. ಟಿ4 ಸ್ವಲ್ಪ ಕುಗ್ಗಿದರೂ ಅದು ಬಹಳ ಏರುತ್ತದೆ. ಟಿ4 ಅರ್ಧಕ್ಕಿಳಿದರೆ ಟಿಎಸ್ಎಚ್ ನೂರು ಪಟ್ಟಿನವರೆಗೂ ಏರಬಹುದು. ಇಷ್ಟು ಸೂಕ್ಷ್ಮವಾದ ಸೂಚಿ ರಾತ್ರಿ ಹೆಚ್ಚಿ ಮಧ್ಯಾಹ್ನ ತಗ್ಗುತ್ತದೆ, ಜ್ವರ ಬಂದು ಹೋದ ಮೇಲೆ ಏರುಪೇರಾಗುತ್ತದೆ. ಬೆಳಿಗ್ಗೆ ಏಳಕ್ಕೆ ಕೊಟ್ಟ ರಕ್ತವನ್ನು ಮಧ್ಯಾಹ್ನ ಎರಡಕ್ಕೆ ಕೊಟ್ಟದ್ದರ ಜೊತೆ ಹೋಲಿಸಿದರೆ ಪುಡಿಯ ಹಂಗಿಲ್ಲದೆಯೂ 'ಇಳಿತ' ಕಾಣಬಹುದು. ತುಸುವೇ ಏರಿದ ಟಿಎಸ್ಎಚ್ ಎಷ್ಟೋ ಮಂದಿಯಲ್ಲಿ ಎರಡು ಮೂರು ತಿಂಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ. ವೈದ್ಯರು ಮತ್ತೊಮ್ಮೆ ಪರೀಕ್ಷಿಸಿ ನೋಡೋಣ ಎನ್ನುವುದು ಅದಕ್ಕೇ. ಆ ಮೂರು ತಿಂಗಳು ನೀವು ಪುಡಿ ತಿಂದಿದ್ದರೆ ಕೀರ್ತಿ ಪುಡಿಗೆ ಹೋಗುತ್ತದೆ, ಹುಣಿಸೇಹಣ್ಣಿನ ಗೊಜ್ಜು ತಿಂದಿದ್ದರೆ ಗೊಜ್ಜಿಗೆ. ಕರಪತ್ರದ 'ಮೂರು ತಿಂಗಳ ಕೋರ್ಸ್' ಎಂಬ ಅವಧಿಯ ಆಯ್ಕೆ ಜಾಣತನದ್ದು.

ಇನ್ನೊಂದು ಕರಪತ್ರ ನಮ್ಮ ಊರಿನ ನೀರಿನ ಮೇಲೆ ಬೆರಳಿಟ್ಟಿದೆ: ಫ್ಲೋರೈಡ್ ನಿಮ್ಮ ಥೈರಾಯ್ಡಿನ ಅಯೋಡಿನ್ನನ್ನು ಹೊರದೂಡುತ್ತಿದೆ, ಈ ಕ್ಯಾಪ್ಸೂಲು ಅದನ್ನು ತಡೆಯುತ್ತದೆ ಎಂದು. ಈ ಮಾತು ಇಲ್ಲಿ ಮಾರಾಟವಾಗುವುದಕ್ಕೆ ಕಾರಣವಿದೆ. ಈ ತಾಲ್ಲೂಕುಗಳ ಎಷ್ಟೋ ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದೆ. ಕಂದುಗಟ್ಟಿದ ಹಲ್ಲು, ಬಾಗಿದ ಮೊಣಕಾಲು ನಮಗೆ ಹೊಸತಲ್ಲ. ಆದರೆ ವಾದವನ್ನು ಪರೀಕ್ಷಿಸಿ ನೋಡಿ. ಅಯೋಡೈಡನ್ನು ಗ್ರಂಥಿಯೊಳಗೆ ಸೇರಿಸುವ ಜೀವಕೋಶದ ಬಾಗಿಲಲ್ಲಿ ನಿಜವಾಗಿ ಅಡ್ಡನಿಲ್ಲುವವು ಗಾತ್ರದಲ್ಲಿ ಅಯೋಡೈಡಿಗೆ ಹತ್ತಿರವಾದ ಪರ್‌ಕ್ಲೋರೇಟ್, ಥಯೋಸಯನೇಟ್‌ನಂಥ ಅಯಾನುಗಳು. ಅಯೋಡೈಡಿನ ತ್ರಿಜ್ಯ ಸುಮಾರು 220 ಪಿಕೋಮೀಟರ್, ಫ್ಲೋರೈಡಿನದು 133. ಆವರ್ತ ಕೋಷ್ಟಕದಲ್ಲಿ ಒಂದೇ ಕಂಬಸಾಲಿನಲ್ಲಿವೆ ಎಂಬುದರಿಂದ ಒಂದು ಇನ್ನೊಂದನ್ನು ಹೊರದೂಡುತ್ತದೆ ಎನ್ನಲಾಗದು. ಹೆಚ್ಚಿನ ಪ್ರಮಾಣದ ಫ್ಲೋರೈಡ್ ಥೈರಾಯ್ಡಿನ ಕೆಲಸವನ್ನು ತಗ್ಗಿಸಬಹುದೆಂಬುದಕ್ಕೆ ಕೆಲವು ಸಾಕ್ಷ್ಯಗಳಿವೆ, ಜನಸಮೂಹಗಳ ಅಧ್ಯಯನಗಳು ಒಮ್ಮತಕ್ಕೆ ಬಂದಿಲ್ಲ. ಇದ್ದರೂ ಅದಕ್ಕೆ ಪರಿಹಾರ ನೀರನ್ನು ಬದಲಿಸುವುದೇ ಹೊರತು ಕ್ಯಾಪ್ಸೂಲಲ್ಲ. ತುಂಗಭದ್ರಾ ಹಿನ್ನೀರನ್ನು ಕೂಡ್ಲಿಗಿ ಕಡೆಗೂ ಪಾವಗಡದವರೆಗೂ ತರುವ ಬಹುಗ್ರಾಮ ಯೋಜನೆಯ ನಲ್ಲಿಯಲ್ಲಿ ನೀರು ಬರುತ್ತದೋ ಇಲ್ಲವೋ ಎಂದು ಪಂಚಾಯಿತಿಯನ್ನು ಕೇಳುವುದರಲ್ಲಿ ಹಲ್ಲು, ಮೂಳೆ, ಥೈರಾಯ್ಡ್ ಮೂರರ ಹಿತವೂ ಇದೆ.

ನಮ್ಮ ಊಟದ ಬಗ್ಗೆ ಕರಪತ್ರಗಳು ಹೇಳದ ಒಂದು ಮಾತನ್ನು ನಾನೇ ಸೇರಿಸುತ್ತೇನೆ. ಸಜ್ಜೆಯಲ್ಲಿರುವ ಕೆಲವು ಫ್ಲೇವನಾಯ್ಡ್ ಸಂಯುಕ್ತಗಳು ಥೈರಾಯ್ಡಿನ ಕೆಲಸಕ್ಕೆ ಅಡ್ಡಿಯಾಗುತ್ತವೆ ಎಂಬುದು ಸುಡಾನಿನ ಡಾರ್ಫರ್ ಪ್ರದೇಶದ ಅಧ್ಯಯನಗಳಿಂದ ತಿಳಿದಿದೆ. ಅಲ್ಲಿನವರು ಬಹುಮಟ್ಟಿಗೆ ಸಜ್ಜೆಯನ್ನೇ ನೆಚ್ಚಿದ್ದರು, ಅಯೋಡಿನ್ನೂ ಕೊರತೆಯಿತ್ತು. ಶೇಂಗಾ ಕೂಡ ಇಲಿಗಳಲ್ಲಿ ಗಳಗಂಡ ಉಂಟುಮಾಡಬಲ್ಲದೆಂದು ದಕ್ಷಿಣ ಭಾರತದ ಸಂಶೋಧಕರು 1957ರಲ್ಲೇ ತೋರಿಸಿದ್ದರು. ಅಯೋಡಿನ್ ಸಾಕಷ್ಟಿದ್ದಾಗ ಇವುಗಳ ಪರಿಣಾಮ ಅಡಗುತ್ತದೆ. 2023 ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವಾದ ಮೇಲೆ ಜೋಳದ ರೊಟ್ಟಿ ಬಿಟ್ಟು ಮೂರು ಹೊತ್ತೂ ಸಜ್ಜೆ ತಿನ್ನಲು ಹೊರಟವರು, ಜೊತೆಗೆ ಸೈಂಧವ ಲವಣವನ್ನೂ ಹಿಡಿದವರು, ಇಷ್ಟನ್ನು ತಿಳಿದಿರಲಿ. ವಾರಕ್ಕೆರಡು ಸಲ ಸಜ್ಜೆರೊಟ್ಟಿ, ಶೇಂಗಾಚಟ್ನಿ ತಿನ್ನುವವರು ಹೆದರಬೇಕಾಗಿಲ್ಲ, ನಾನು ತಿನ್ನುತ್ತೇನೆ.

ಪೂರಕಗಳೆಲ್ಲ ಯಾರಿಗೂ ಬೇಡವೆಂದಲ್ಲ. ಗರ್ಭಿಣಿಗೆ ವೈದ್ಯರು ಕೊಡುವ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು ಬೇಕು. ಆದರೆ ಅವನ್ನೂ ಲೆವೊಥೈರಾಕ್ಸಿನ್ನನ್ನೂ ಒಟ್ಟಿಗೆ ನುಂಗಿದರೆ ಹೊಟ್ಟೆಯಲ್ಲೇ ಕೂಡಿಕೊಂಡು ಹಾರ್ಮೋನು ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ನಾಲ್ಕು ಗಂಟೆಗಳ ಅಂತರವಿರಬೇಕು. ಖನಿಜಗಳು ತುಂಬಿದ ಥೈರಾಯ್ಡ್ 'ಬೆಂಬಲ'ದ ಪುಡಿಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆಯ ಜೊತೆಗೇ ತೆಗೆದುಕೊಳ್ಳಿ ಎಂದು ಮೂರನೆಯ ಕರಪತ್ರ ಸಲಹೆ ಕೊಟ್ಟಿದೆ. ದಿನಕ್ಕೆ ಒಂದೆರಡು ರೂಪಾಯಿಯ ಮಾತ್ರೆ ಮಾಡುತ್ತಿದ್ದ ಕೆಲಸವನ್ನು ಮೂವತ್ತು ರೂಪಾಯಿಯ ಪುಡಿ ಕೆಡಿಸುವ ಏರ್ಪಾಡು ಇದು. ಗರ್ಭದ ಮೊದಲ ತಿಂಗಳುಗಳಲ್ಲಿ ಮಗುವಿನ ಮಿದುಳು ಬೆಳೆಯುವುದು ತಾಯಿಯ ಟಿ4ನ್ನು ನೆಚ್ಚಿ. ಆ ಕಾಲದಲ್ಲಿ ಮಾತ್ರೆ ಬಿಡುವುದೂ ಒಂದೇ, ಹೀಗೆ ಕೆಡಿಸಿಕೊಳ್ಳುವುದೂ ಒಂದೇ. ಸಾವಿರ ಹೆರಿಗೆಗೆ ಸುಮಾರು ಒಂದು ಮಗು ಥೈರಾಯ್ಡ್ ಕೊರತೆಯೊಂದಿಗೇ ಹುಟ್ಟುತ್ತದೆ. ಮೊದಲ ವಾರಗಳಲ್ಲೇ ಪತ್ತೆಹಚ್ಚಿ ಮಾತ್ರೆ ಶುರುಮಾಡಿದರೆ ಆ ಮಗು ಎಲ್ಲರಂತೆ ಬೆಳೆಯುತ್ತದೆ. ಹಿಮ್ಮಡಿಯ ಒಂದೆರಡು ಹನಿ ರಕ್ತದ ಆ ಪರೀಕ್ಷೆ ನಮ್ಮ ಎಲ್ಲ ತಾಲ್ಲೂಕು ಆಸ್ಪತ್ರೆಗಳಲ್ಲಿ ತಪ್ಪದೆ ಆಗಬೇಕೆಂದು ಕೇಳುವ ಕರಪತ್ರವೊಂದು ತೇರಿನಲ್ಲಿ ಹಂಚಿದ್ದನ್ನು ನಾನಿನ್ನೂ ನೋಡಿಲ್ಲ.

ನಿಮ್ಮಲ್ಲಿ ಯಾರಾದರೂ ಮುಂದಿನ ವಾರ ಥೈರಾಯ್ಡ್ ಪರೀಕ್ಷೆಗೆ ಹೋಗುವವರಿದ್ದರೆ ಕೂದಲು, ಉಗುರು, ಚರ್ಮದ ಹೆಸರಿನ ಎಲ್ಲ ಗುಳಿಗೆಗಳನ್ನೂ ಕನಿಷ್ಠ ಎರಡು ದಿನ ಮುಂಚೆ ನಿಲ್ಲಿಸಿ. ಹೋದ ಸಲ ರಕ್ತ ಕೊಟ್ಟ ಹೊತ್ತಿಗೇ, ಸಾಧ್ಯವಾದರೆ ಅದೇ ಪ್ರಯೋಗಾಲಯದಲ್ಲೇ ಕೊಡಿ. ತಿನ್ನುತ್ತಿರುವ ಡಬ್ಬಿಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲಿಡಿ. ನನ್ನ ತಂಗಿಯ ಮಗಳು ಈಗ ಹಾಗೆಯೇ ಮಾಡುತ್ತಾಳೆ. ಮಾತ್ರೆ ಮತ್ತೆ ಶುರುವಾಗಿ ಆರು ವಾರಕ್ಕೆ ಮುಖದ ಊತ ಇಳಿಯಿತು, ಟಿಎಸ್ಎಚ್ ಹತೋಟಿಗೆ ಬರಲು ಇನ್ನೂ ಮೂರು ತಿಂಗಳು ಹಿಡಿಯಿತು. ಮೊನ್ನೆಯ ವರದಿಯನ್ನು ನನಗೂ ತೋರಿಸಿದಳು. "ಚಲೋ ಐತಿ ಅಂತ ಈಗ್ಲೇ ಹೇಳಬ್ಯಾಡ್ರಿ ಮಾವ, ಡಾಕ್ಟ್ರು ನೋಡ್ಲಿ" ಎಂದಳು.